ಕಸ್ತೂರಿಯ ಕರಿಪಾಟಿ

ನಮ್ಮೂರ ತೊಟ್ಟಿಲಿನ ಬಾಗಿಲು ತೆಗೆಯುವುದು, ಹಾಕುವುದು, ಹೊರಡುವ ಮೊದಲು ಗಂಟೆ ಬಾರಿಸುವುದು. ಇಪ್ಪತ್ತಾರು ವರ್ಷದಿಂದ ನಾನು ಮಾಡುತ್ತಾ ಬಂದ ಕೆಲಸ ಇಷ್ಟೇ. ತೊಟ್ಟಿಲು ಎಂದರೆ ಮಕ್ಕಳನ್ನು ಮಲಗಿಸುವ ತೊಟ್ಟಿಲಲ್ಲ, ಉಕ್ಕಿನ ಹಗ್ಗಕ್ಕೆ ಜೋತುಬಿದ್ದು ಕೆಳಪೇಟೆಯಿಂದ ಮೇಲ್ಪೇಟೆಗೆ ಹದಿನೆಂಟು ನಿಮಿಷದಲ್ಲಿ ಏರುವ ರೋಪ್‌ವೇ ಡಬ್ಬಿ. ಹದಿನಾರು ಜನ ಕೂರಬಹುದು. ತೊಟ್ಟಿಲು ನಡೆಸುವ ಸಮಿತಿಯವರು ಹತ್ತಿದರೆ ಹನ್ನೆರಡೇ, ಏಕೆಂದರೆ ಅವರು ಕಾಲು ಚಾಚಿ ಕೂರುತ್ತಾರೆ.

ಊರು ಗುಡ್ಡದ ಮೈಮೇಲೆ ಮೂರು ಪೇಟೆಯಾಗಿ ಹಬ್ಬಿದೆ. ಕಂಪ್ಯೂಟರ್ ಯಾರದೇ ಆಗಿರಲಿ, ಎಲ್ಲಿಂದಲೇ ತಂದಿರಲಿ, ಒಂದು ಪೇಟೆ ದಾಟಿ ಇನ್ನೊಂದಕ್ಕೆ ಕಾಲಿಟ್ಟ ಕೂಡಲೇ ಅದು ಆ ಪೇಟೆಯ ಸಿಸ್ಟಮ್ಮಿಗೆ ಬದಲಾಗುತ್ತದೆ. ಕೆಳಪೇಟೆಯಲ್ಲಿ ಒಂದು ಸಿಸ್ಟಮ್, ನಡುಪೇಟೆಯಲ್ಲಿ ಬೇರೆ, ಮೇಲ್ಪೇಟೆಯಲ್ಲಿ ಮತ್ತೂ ಬೇರೆ. ನೀವು ಬರೆದಿಟ್ಟ ಫೈಲುಗಳು ನಿಮ್ಮ ಜೊತೆಗೇ ಬರುತ್ತವೆ. ಬರೆಯಲು ಬಳಸಿದ ಎಡಿಟರ್ ಮಾತ್ರ ಹಿಂದೆಯೇ ಉಳಿಯುತ್ತದೆ. ಹೊಸ ಪೇಟೆಯಲ್ಲೂ ಅದು ಸಿಗುವಂತಿದ್ದರೆ ಸರಿ, ಇಲ್ಲದಿದ್ದರೆ ಕೈ ಕೈ ಹಿಸುಕಿಕೊಂಡು ಕೂರಬೇಕು. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಪರಊರಿನವರು ಕೇಳಿದರೆ ಕೂರಿಸಿ, ಒಂದು ಲೋಟ ಮಜ್ಜಿಗೆ ಕೊಡುತ್ತೇವೆ.

ಹೊಂದಿಕೊಂಡು ಬದುಕುವುದು ಜನಕ್ಕೆ ಗೊತ್ತಿದೆ. ಗಡಿಯ ಮೇಲೆಯೇ ಮನೆ ಕಟ್ಟಿಕೊಂಡ ವಕೀಲರೊಬ್ಬರು ಪಡಸಾಲೆಯಲ್ಲಿ ಅರ್ಜಿ ಬರೆದು ಅಡಿಗೆಮನೆಯಲ್ಲಿ ಕೂತು ಅದನ್ನು ಅಂದಗೊಳಿಸುತ್ತಾರೆ. ಅವರ ಹೆಂಡತಿಗೆ ಒಗ್ಗರಣೆಯ ಜೊತೆಗೆ ಕಾನೂನೂ ಬಾಯಿಗೆ ಬಂದಿದೆ. ಹೆಣ್ಣು ನೋಡಲು ಹೋದವರು ಸೀರೆಯ ಬಣ್ಣ ಕೇಳುವ ಮೊದಲು ಹುಡುಗಿ ಯಾವ ಪೇಟೆಯ ಕೀಲಿಮಣೆಗೆ ಕೈ ಪಳಗಿಸಿಕೊಂಡಿದ್ದಾಳೆ ಎಂದು ವಿಚಾರಿಸುತ್ತಾರೆ. ಮೇಲ್ಪೇಟೆಯವರಿಗೆ ತಮ್ಮ ಎಡಿಟರಿನ ಬಣ್ಣ, ಬೆಡಗಿನ ಬಗ್ಗೆ ಜಂಬ. ಕೆಳಪೇಟೆಯವರಿಗೆ ತಮ್ಮದು ಗಟ್ಟಿಮುಟ್ಟು ಎನ್ನುವ ಹಠ. ನಾನೂ ಕೆಳಪೇಟೆಯವನೇ. ನಡುಪೇಟೆಯವರಿಗೆ ಜಂಬ ಪಡಲು ಪುರುಸೊತ್ತಿರಲಿಲ್ಲ, ಅವರು ಮೆಟ್ಟಿಲು ಹತ್ತುವುದರಲ್ಲೇ ಸುಸ್ತಾಗಿದ್ದರು.

ಹತ್ತದೆ ಗತಿಯಿರಲಿಲ್ಲ. ಹನ್ನೊಂದು ವರ್ಷದಿಂದ ತೊಟ್ಟಿಲು ನಡುಪೇಟೆಯಲ್ಲಿ ನಿಂತಿರಲಿಲ್ಲ. ನಿಲ್ದಾಣ ಇತ್ತು, ಕಟ್ಟೆ ಇತ್ತು, ತಗಡಿನ ಮಾಡು ಇತ್ತು. ತೊಟ್ಟಿಲು ಮಾತ್ರ ಒಂದು ದಿನ ಇದ್ದಕ್ಕಿದ್ದಂತೆ ಅಲ್ಲಿ ನಿಲ್ಲದೆ ಮುಂದೆ ಹೋಯಿತು, ಮರುದಿನವೂ ಹೋಯಿತು. ಸಮಿತಿಯವರು ಮೂರು ಸಲ ಮೋಟರ್ ಬದಲಿಸಿದರು, ಎರಡು ಸಲ ಬ್ರೇಕು. ಕೊನೆಗೆ ನಡುಪೇಟೆಯ ಗಾಳಿಯೇ ಯಂತ್ರಕ್ಕೆ ಒಗ್ಗುವುದಿಲ್ಲ ಎಂದು ಬರೆದು ಕಡತ ಮುಚ್ಚಿದರು. ಅಲ್ಲಿಂದ ಮೇಲ್ಪೇಟೆಯ ಆಸ್ಪತ್ರೆಗೆ ನಾನೂರ ಹನ್ನೆರಡು ಮೆಟ್ಟಿಲು, ಕೆಳಪೇಟೆಯ ಸಂತೆಗೆ ಮುನ್ನೂರ ಎಂಬತ್ತು. ಮೊದಲ ವರ್ಷ ಜನ ಕಟ್ಟೆಯ ಮೇಲೆ ನಿಂತು ನಮಗೆ ಕೈ ಬೀಸುತ್ತಿದ್ದರು, ಬೈಯುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ನನ್ನ ಮಗಳನ್ನು ಹೆರಿಗೆ ಮಾಡಿಸಿ ಕೈಗೆತ್ತಿಕೊಂಡ ಸೂಲಗಿತ್ತಿ ಚಂಪವ್ವ ಅದೇ ಪೇಟೆಯವಳು. ಮಂಡಿ ಹಿಡಿದುಕೊಂಡು, ಹತ್ತು ಮೆಟ್ಟಿಲಿಗೊಮ್ಮೆ ಕೂತು ಕೂತು ಏರುವ ಅವಳು ಎಷ್ಟೋ ಸಲ ನನ್ನ ಕಣ್ಣಿಗೆ ಬಿದ್ದಿದ್ದಾಳೆ. ನಾನು ನೆಲ ನೋಡುತ್ತಿದ್ದೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ ನಿಜ, ಆದರೂ ನಾಚಿಕೆಯಾಗುತ್ತಿತ್ತು.

ಕಸ್ತೂರಿಯೂ ನಡುಪೇಟೆಯವಳು. ಮೂವತ್ತನಾಲ್ಕರ ಹೆಂಗಸು, ಮಾತು ಕಡಿಮೆ, ನಡಿಗೆ ಜೋರು. ಮೂರೂ ಪೇಟೆಯ ಅಂಗಡಿಗಳಿಗೆ ಪ್ರೋಗ್ರಾಂ ಬರೆದುಕೊಡುವುದು ಅವಳ ಕಸುಬು. ಮೇಲಿನ ಔಷಧಿ ಅಂಗಡಿಗೆ ಮುಗಿದುಹೋಗುವ ಗುಳಿಗೆಗಳ ಪಟ್ಟಿ, ಕೆಳಗಿನ ಟೇಲರ್‌ಗೆ ಗಿರಾಕಿಗಳ ಅಳತೆ, ಹೀಗೆ. ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಹಾಕಿ ಹೆಗಲಿಗೆ ನೇತುಹಾಕಿಕೊಂಡು ದಿನಕ್ಕೆ ಎರಡು ಸಲ ಗುಡ್ಡ ಹತ್ತಿ ಇಳಿಯುತ್ತಿದ್ದಳು. ಇಂಥವಳಿಗೆ ಎಡಿಟರ್ ಆರಿಸುವುದು ನಮ್ಮ ನಿಮ್ಮ ಹಾಗೆ ಚೆಂದ ನೋಡಿ ಆರಿಸುವ ಮಾತಲ್ಲ.

ಮೊದಲು ಮೇಲ್ಪೇಟೆಯ ಎಡಿಟರಿಗೆ ಮನಸೋತಳಂತೆ. ಅದು ಅರ್ಧ ಪದ ಬರೆದರೆ ಉಳಿದರ್ಧ ತಾನೇ ಬರೆಯುತ್ತಿತ್ತು, ತಪ್ಪಿಗೆ ಕೆಂಪು ಗೆರೆ ಎಳೆಯುತ್ತಿತ್ತು. ನಡುಪೇಟೆಗೆ ಇಳಿದರೆ ಹೆಸರಿಗೂ ಇಲ್ಲ. ಕೆಳಪೇಟೆಯದು ಹಗುರ, ತೆರೆಯೆಂದರೆ ತೆರೆಯುತ್ತಿತ್ತು, ಆದರೆ ಅದು ಕೆಳಪೇಟೆಯ ಹೊಸಿಲು ದಾಟುವುದಿಲ್ಲ. ಮೂರೂ ಪೇಟೆಯಲ್ಲಿ ಸಿಗುವ ದೊಡ್ಡ ಎಡಿಟರ್ ಒಂದಿತ್ತು. ಅದು ಬಾಯಿ ಬಿಡುವುದರೊಳಗೆ ಇಪ್ಪತ್ತು ಮೆಟ್ಟಿಲು ಹತ್ತಬಹುದಿತ್ತು, ಸಾಲದ್ದಕ್ಕೆ ಕೆಳಗೆ ನಕಲು ಮಾಡುವ ಕೀಲಿ ಮೇಲೆ ಹೋದರೆ ಬೇರೇನೋ ಮಾಡುತ್ತಿತ್ತು. ಒಂದು ದಿನ ಟೇಲರ್‌ನ ಅಳತೆಗಳನ್ನೆಲ್ಲ ಹೀಗೆ ಕೈಬೆರಳ ಅಭ್ಯಾಸದಲ್ಲೇ ಅಳಿಸಿಬಿಟ್ಟಳು. ಆ ಟೇಲರ್ ಊರ ಗಂಡಸರನ್ನೆಲ್ಲ ಮತ್ತೆ ಸಾಲಾಗಿ ನಿಲ್ಲಿಸಿ ಸೊಂಟ ಅಳೆದ, ಅರ್ಧ ಊರಿಗೆ ತಾವು ದಪ್ಪಗಾದದ್ದು ತಿಳಿದದ್ದು ಆವತ್ತೇ.

ಆಗ ಅವಳ ಕಣ್ಣಿಗೆ ಬಿದ್ದದ್ದು ಯಾರೂ ಮುಟ್ಟದ ಒಂದು ಹಳೆಯ ಎಡಿಟರ್. ಕಪ್ಪು ಪರದೆ, ಬಿಳಿ ಅಕ್ಷರ, ಮತ್ತೇನೂ ಇಲ್ಲ. ಚಿತ್ರವಿಲ್ಲ, ಗುಂಡಿಯಿಲ್ಲ. ಶಾಲೆಯ ಕರಿಪಾಟಿಯಂತೆ ಕಾಣುತ್ತದೆಂದು ಜನ ಅದನ್ನು ಪಾಟಿ ಎಂದೇ ಕರೆಯುತ್ತಿದ್ದರು, ಕರೆದು ನಗುತ್ತಿದ್ದರು. ಮೊದಲ ದಿನ ಅದರೊಳಗಿಂದ ಹೊರಗೆ ಬರುವುದು ಹೇಗೆಂದು ತಿಳಿಯದೆ ಕಸ್ತೂರಿ ಯಂತ್ರವನ್ನೇ ಬಂದ್ ಮಾಡಿದಳಂತೆ. ಎಲ್ಲ ಕೆಲಸವೂ ಅಕ್ಷರದ ಕೀಲಿಗಳಲ್ಲೇ, ಅವನ್ನು ಬೆರಳಿಗೆ ಕಲಿಸಲು ನಾಲ್ಕು ತಿಂಗಳು ಹಿಡಿಯಿತು. ಕಲಿತ ಮೇಲೆ ಮೂರೂ ಪೇಟೆಯಲ್ಲಿ ಒಂದೇ ಪಾಟಿ, ಒಂದೇ ಕೀಲಿ. ಮೆಟ್ಟಿಲ ಮೇಲೆ ಕೂತು ಅರ್ಧ ಸಾಲು ಬರೆದು, ಗಡಿ ದಾಟಿ ಉಳಿದರ್ಧ ಬರೆಯುವವಳನ್ನು ನಾನು ಕಂಡದ್ದು ಅವಳೊಬ್ಬಳನ್ನೇ.

ಆ ವರ್ಷ ತೊಟ್ಟಿಲಿನ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದ ಮೇಲ್ಪೇಟೆಯ ಹಿರಿಯರು ನಿವೃತ್ತರಾದರು. ಆ ಜಾಗಕ್ಕೆ ಇಬ್ಬರು ಅರ್ಜಿ ಹಾಕಿದರು. ಒಬ್ಬ ಮೇಲ್ಪೇಟೆಯ ಮುಕುಂದ, ಚುರುಕು ಹುಡುಗ, ಇಸ್ತ್ರಿ ಅಂಗಿ. ಇನ್ನೊಬ್ಬಳು ಕಸ್ತೂರಿ. ನಡುಪೇಟೆಯವರು ಈ ಕೆಲಸಕ್ಕೆ ಅರ್ಜಿ ಹಾಕಿದ್ದು ಅದೇ ಮೊದಲು. ಅವಳು ಯಾಕೆ ಹಾಕಿದಳೆಂದು ಯಾರೂ ಕೇಳಬೇಕಿರಲಿಲ್ಲ. ನಿಲ್ದಾಣದ ಪ್ರೋಗ್ರಾಮುಗಳನ್ನು ತೆರೆಯುವ ಗುಟ್ಟಿನ ಪದ ಆ ಹುದ್ದೆಯವರಿಗೆ ಮಾತ್ರ ಸಿಗುತ್ತದೆ. ಪರೀಕ್ಷೆಗೆ ಕೂತವರಿಗೂ ಸಿಗುತ್ತದೆ, ಆದರೆ ತೊಟ್ಟಿಲು ಹೊರಟು ಮೇಲೆ ಮುಟ್ಟುವ ಆ ಹದಿನೆಂಟು ನಿಮಿಷಕ್ಕೆ ಮಾತ್ರ.

ಪರೀಕ್ಷೆ ನಡೆಯುವುದು ತೊಟ್ಟಿಲಿನಲ್ಲೇ. ಅಭ್ಯರ್ಥಿ ಕೆಳನಿಲ್ದಾಣದಲ್ಲಿ ಎಲ್ಲರೆದುರು ತನ್ನ ಎಡಿಟರಿನ ಹೆಸರು ಹೇಳಬೇಕು, ಅದನ್ನು ಹಲಗೆಯ ಮೇಲೆ ಬರೆಯುತ್ತಾರೆ. ಆಮೇಲೆ ಅದೊಂದನ್ನೇ ಬಳಸಬೇಕು. ತೊಟ್ಟಿಲು ಒಂದೊಂದು ಪೇಟೆಯ ಮೇಲೂ ಆರು ನಿಮಿಷ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ತಿದ್ದಿದ್ದು ಆಯಾ ಪೇಟೆಯ ಗಡಿಯೊಳಗಿದ್ದಾಗ ಮಾತ್ರ ಅಲ್ಲಿಯ ನಿಲ್ದಾಣಕ್ಕೆ ತಲುಪುತ್ತದೆ. ಸಮಿತಿ ಕೊಟ್ಟ ದೋಷ ಸಣ್ಣದು: ಮೇಲ್ನಿಲ್ದಾಣದ ಕರೆಗಂಟೆ ಒಂದು ಸಲ ಹೊಡೆಯುವ ಬದಲು ಎರಡು ಸಲ ಹೊಡೆಯುತ್ತಿತ್ತು, ಅದನ್ನು ಸರಿಮಾಡಬೇಕು. ಕೇಳದ ಪ್ರೋಗ್ರಾಂ ಮುಟ್ಟಿದವರು ಅನರ್ಹರು.

ಸೋಮವಾರ ಮುಕುಂದನ ಸರದಿ. ಮೇಲ್ಪೇಟೆಯ ಎಡಿಟರಿನ ಹೆಸರು ಹೇಳಿ ಕೂತವನು ಹನ್ನೆರಡು ನಿಮಿಷ ಕಿಟಕಿಯ ಹೊರಗೆ ನೋಡಿದ. ಮೇಲ್ಪೇಟೆಯ ಗಡಿ ದಾಟಿದ್ದೇ ಅವನ ಎಡಿಟರ್ ಪರದೆಯ ಮೇಲೆ ಬಂತು, ಐದು ನಿಮಿಷದಲ್ಲಿ ಕೆಲಸ ಮುಗಿಸಿದ. ಗಂಟೆ ಒಂದೇ ಸಲ ಹೊಡೆಯಿತು. ಜಾಣತನವೇ, ಅಲ್ಲವೆನ್ನಲಾರೆ. ಸಮಿತಿಯ ಅಧ್ಯಕ್ಷ ಗುರುಪಾದಪ್ಪನವರು ಅವನ ಬೆನ್ನು ತಟ್ಟಿ, ಕಸ್ತೂರಿಯ ಪರೀಕ್ಷೆಗಾಗಿ ದೋಷವನ್ನು ಮೊದಲಿನಂತೆ ಇಡಿಸಿದರು.

ಮಂಗಳವಾರ ಹತ್ತು ಗಂಟೆಗೆ ಕಸ್ತೂರಿ ಬಂದಳು. ಕೆಳನಿಲ್ದಾಣದಲ್ಲಿ ಜನ ಕಿಕ್ಕಿರಿದಿದ್ದರು.

"ಹೇಳವ್ವ, ನಿನ್ನ ಎಡಿಟರ್ ಯಾವ್ದು?" ಗುರುಪಾದಪ್ಪನವರು ಕೇಳಿದರು.

"ಪಾಟಿ ರೀ."

ನಗು ಎದ್ದಿತು. ಬರೆಯುವವನು ಸೀಮೆಸುಣ್ಣ ಹಿಡಿದು ಮತ್ತೊಮ್ಮೆ ಕೇಳಿದ, ತಾನು ಕೇಳಿದ್ದು ಸರಿಯೋ ಇಲ್ಲವೋ ಎಂದು.

"ಪಾಟಿ ಅಂತನ ಬರೀರಿ," ಅಂದಳು ಕಸ್ತೂರಿ. "ಮೂರೂ ಪ್ಯಾಟ್ಯಾಗ ನನ್ನ ಕೈ ಬಿಡಲಾರದ್ದು ಅದೊಂದ."

ತೊಟ್ಟಿಲು ಹತ್ತುವಾಗ ನನ್ನ ಕಡೆ ತಿರುಗಿ ಕೇಳಿದಳು, "ದ್ಯಾಮಣ್ಣ, ಗಡಿ ದಾಟಿ ನಮ್ಮ ನಿಲ್ದಾಣ ಬರಾಕ ಎಷ್ಟೊತ್ತು ಹಿಡೀತದ?"

"ಮೂರು ನಿಮಿಷ. ಯಾಕವ್ವ?"

"ಸುಮ್ನ ಕೇಳಿದೆ."

ಸುಮ್ಮನೆ ಕೇಳಿದ್ದಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಗಂಟೆ ಬಾರಿಸಿದೆ, ಹೊರಟೆವು. ಒಳಗೆ ಗುರುಪಾದಪ್ಪನವರು, ಸಮಿತಿಯ ಇನ್ನಿಬ್ಬರು, ನೋಡಲು ಬಂದ ಮುಕುಂದ, ಕಸ್ತೂರಿ, ನಾನು.

ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಪಾಟಿ ತೆರೆದಳು. ಬೆರಳು ಕೀಲಿಗಳ ಮೇಲೆ ಓಡಿದ್ದು ನನಗೆ ಸರಿಯಾಗಿ ಕಾಣಲೂ ಇಲ್ಲ. ಎರಡನೇ ಕಂಬ ದಾಟುವಷ್ಟರಲ್ಲಿ ಗಂಟೆಯ ದೋಷ ತಿದ್ದಿ ಮುಗಿಸಿದ್ದಳು. ಇನ್ನು ಮೇಲ್ಪೇಟೆಯ ಗಡಿ ಮುಟ್ಟಿದಾಗ ಅದು ತಾನಾಗಿ ಹೋಗಿ ಸೇರುತ್ತದೆ. ಸುಮ್ಮನೆ ಕೈಕಟ್ಟಿ ಕೂತಿದ್ದರೆ ಹುದ್ದೆ ಅರ್ಧ ಕೈಗೆ ಬಂದಂತೆ. ಮುಕುಂದನೂ ಗೆದ್ದಿದ್ದರಿಂದ ಉಳಿದರ್ಧ ಸಮಿತಿಯ ಮರ್ಜಿ. ಗುರುಪಾದಪ್ಪನವರೂ ಮೆಚ್ಚಿ ತಲೆಯಾಡಿಸಿದರು.

ಗಡಿಯ ಬೇವಿನ ಮರ ಕೆಳಗೆ ಸರಿಯಿತು. ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು, ಸಿಸ್ಟಮ್ ಬದಲಾಯಿತು. ಪಾಟಿ ಅಲ್ಲೇ ಇತ್ತು. ಕಸ್ತೂರಿ ಕೈ ಕಟ್ಟಲಿಲ್ಲ. ನಡುಪೇಟೆಯ ನಿಲ್ದಾಣದ ಪ್ರೋಗ್ರಾಂ ತೆರೆದಳು.

"ಏನವ್ವ ಅದು?" ಗುರುಪಾದಪ್ಪನವರು ಕಾಲು ಮಡಚಿ ಮುಂದೆ ಬಾಗಿದರು. "ಅದನ್ನ ಯಾರು ಕೇಳಿದ್ರು? ಮುಟ್ಟಿದ್ರ ಅನರ್ಹ ಆಗ್ತಿ ನೋಡು."

"ಗೊತ್ತೈತ್ರಿ," ಅಂದಳು, ಪರದೆಯಿಂದ ಕಣ್ಣು ತೆಗೆಯದೆ. ಆಮೇಲೆ ಒಮ್ಮೆಲೇ ನಕ್ಕಳು. ಅವಳು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಇಲ್ಲಿ ನಮ್ಮೂರ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಯಾವ ಪ್ರೋಗ್ರಾಂ ಬರೆದರೂ ಮೊದಲ ಸಾಲು ಯಂತ್ರಕ್ಕಲ್ಲ, ಹಿರಿಯರಿಗೆ. ತೊಟ್ಟಿಲಿನ ಪ್ರೋಗ್ರಾಮುಗಳೆಲ್ಲ "ಹಗ್ಗ ಕಟ್ಟಿದ ಕಾಳಪ್ಪಜ್ಜನಿಗೆ ಶರಣು" ಎಂದೇ ಶುರುವಾಗುತ್ತವೆ. ಆ ಸಾಲಿನ ಮುಂದೆ ಒಂದು ಗುರುತು ಹಾಕುತ್ತಾರೆ. ಗುರುತು ಕಂಡರೆ ಯಂತ್ರ ಆ ಸಾಲು ಮುಗಿಯುವವರೆಗೂ ಏನನ್ನೂ ಓದದೆ ಬಿಟ್ಟು, ಮುಂದಿನ ಸಾಲಿನಿಂದ ಕೆಲಸಕ್ಕೆ ಹತ್ತುತ್ತದೆ. ಸಾಲು ಮುಗಿಯಿತು ಎಂದು ಹೇಳುವುದಕ್ಕೂ ಒಂದು ಗುರುತುಂಟು, ಅದು ಕಣ್ಣಿಗೆ ಕಾಣುವುದಿಲ್ಲ, ಪೇಟೆಗೊಂದು ಬಗೆ.

"ದ್ಯಾಮಣ್ಣ, ಇಲ್ಲಿ ನೋಡು," ಅಂದಳು. ನೋಡಿದೆ. ಕಪ್ಪು ಪಾಟಿಯ ಮೇಲೆ ಇಡೀ ಪ್ರೋಗ್ರಾಂ ಒಂದೇ ಸಾಲಾಗಿ ಬಿದ್ದಿತ್ತು. ಕಾಳಪ್ಪಜ್ಜನಿಗೆ ಶರಣು ಎಂದು ಶುರುವಾದದ್ದು ಎಲ್ಲೂ ಮುಗಿಯದೆ, ನಿಲ್ಲು, ಬಾಗಿಲು ತೆಗೆ, ಹೊರಡು ಎನ್ನುವ ಆಜ್ಞೆಗಳನ್ನೆಲ್ಲ ಬಾಲದಂತೆ ಎಳೆದುಕೊಂಡು ಹೋಗಿತ್ತು. ಆಮೇಲೆ ತಿಳಿದದ್ದು: ಹನ್ನೊಂದು ವರ್ಷದ ಹಿಂದೆ, ಈಗ ನಿವೃತ್ತರಾದ ಆ ಹಿರಿಯರು ಮೇಲ್ಪೇಟೆಯ ಹೊಸ ಎಡಿಟರ್ ಕೊಂಡ ಹುರುಪಿನಲ್ಲಿ ಎಲ್ಲ ಪ್ರೋಗ್ರಾಮುಗಳನ್ನೂ ಅದರಲ್ಲಿ ತೆರೆದು ಉಳಿಸಿ, ನಕಲು ತಂದು ಹಾಕಿದ್ದರು. ಆ ಎಡಿಟರ್ ಸಾಲಿನ ಕೊನೆಗೆ ಹಾಕಿದ ಗುರುತನ್ನು ಕೆಳಪೇಟೆಯ ಯಂತ್ರ ಹೇಗೋ ಓದಿಕೊಂಡಿತ್ತು, ನಡುಪೇಟೆಯ ಯಂತ್ರಕ್ಕೆ ಮಾತ್ರ ಅರ್ಥವಾಗಿರಲಿಲ್ಲ. ಅದರ ಪಾಲಿಗೆ ಮೊದಲ ಸಾಲು ಮುಗಿದೇ ಇರಲಿಲ್ಲ. ಹನ್ನೊಂದು ವರ್ಷ ಆ ಬಡಪಾಯಿ ಯಂತ್ರ ಕಾಳಪ್ಪಜ್ಜನಿಗೆ ಶರಣು ಹೇಳುತ್ತಲೇ ಕೂತಿತ್ತು!

"ಇದನ್ನ ನಾವ್ಯಾರೂ ನೋಡಲಿಲ್ಲೇನು?" ಸಮಿತಿಯವರಲ್ಲಿ ಒಬ್ಬರು ಗೊಣಗಿದರು. "ಎಷ್ಟ ಸಲ ತೆಗದು ನೋಡೇವಿ. ಸಾಲು ಸಾಲಾಗಿ ಚೆಂದ ಕಾಣ್ತಿತ್ತು."

"ಚೆಂದ ಕಾಣ್ತಿತ್ತು, ಅದ ತಪ್ಪಾತು," ಉತ್ತರ ಕೊಟ್ಟದ್ದು ಮುಕುಂದ. ಅವನ ಮುಖ ಸಪ್ಪಗಾಗಿತ್ತು. "ನಮ್ಮ ದೊಡ್ಡ ದೊಡ್ಡ ಎಡಿಟರ್‌ಗೋಳು ಎಲ್ಲಾ ಗುರುತೂ ತಾನ ಅರ್ಥ ಮಾಡ್ಕೊಂಡು ಸಾಲು ಬಿಡಿಸಿ ತೋರಸ್ತಾವ್ರಿ. ಒಳಗ ಏನೈತಿ ಅಂತ ಹೇಳಂಗಿಲ್ಲ. ಪಾಟಿ ಇದ್ದದ್ದ ಇದ್ದಂಗ ತೋರಿಸ್ತು."

ನಿಲ್ದಾಣದ ತಗಡು ಕಾಣಿಸತೊಡಗಿತು. ಒಂದು ನಿಮಿಷವೂ ಇರಲಿಲ್ಲ. ಕಸ್ತೂರಿ ಒಂದೇ ಒಂದು ಆಜ್ಞೆ ಬರೆದಳು. ಉದ್ದ ಸಾಲು ಪಟಪಟನೆ ಒಡೆದು ನಲವತ್ತು ಸಾಲಾಯಿತು. ಬೆರಳನ್ನು ಒಂದು ಕ್ಷಣ ಮೇಲೆತ್ತಿ ಹಿಡಿದಳು. ಆ ಕ್ಷಣದಲ್ಲಿ ಅವಳು ಏನು ಬಿಟ್ಟುಕೊಡುತ್ತಿದ್ದಾಳೆಂದು ನಮಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಒತ್ತಿದಳು.

ತಲೆಯ ಮೇಲೆ ಗಾಲಿ ಕಿರ್ರೆಂದಿತು. ತೊಟ್ಟಿಲು ನಿಧಾನವಾಯಿತು, ಇನ್ನೂ ನಿಧಾನವಾಯಿತು, ತುಸು ತೂಗಾಡಿ ನಡುಪೇಟೆಯ ಕಟ್ಟೆಗೆ ಅಂಟಿಕೊಂಡು ನಿಂತಿತು. ನಾನು ಗರಬಡಿದವನಂತೆ ನಿಂತೇ ಇದ್ದೆ. "ಬಾಗಲಾ ತಗಿ ದ್ಯಾಮಣ್ಣ," ಎಂದು ಕಸ್ತೂರಿ ಹೇಳಬೇಕಾಯಿತು. ತೆಗೆದೆ. ಕಣ್ಣಲ್ಲಿ ನೀರು ತುಂಬಿಕೊಂಡಿತು. ನಾಚಿಕೆಯೇನಿಲ್ಲ, ಹೇಳುತ್ತೇನೆ, ಅತ್ತುಬಿಟ್ಟೆ.

ಕಟ್ಟೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದ ಹೆಂಗಸರು ಮೊದಲು ಹೆದರಿದರು. ಆಮೇಲೆ ಯಾರೋ ಕೂಗಿದರು, "ತೊಟ್ಟಿಲಾ ನಿಂತೈತಿ!" ಗಲ್ಲಿಗಲ್ಲಿಯಿಂದ ಜನ ಓಡಿ ಬಂದರು. ಹಿಟ್ಟಿನ ಕೈಯಲ್ಲಿ ಬಂದರು, ಅರ್ಧ ಗಡ್ಡ ಹೆರೆಸಿಕೊಂಡು ಬಂದರು. ಎಲ್ಲರಿಗಿಂತ ಹಿಂದೆ ಕೋಲೂರಿಕೊಂಡು ಬಂದ ಚಂಪವ್ವನಿಗೆ ಜನ ದಾರಿ ಬಿಟ್ಟರು. ಅವಳು ಯಾರನ್ನೂ ಏನನ್ನೂ ಕೇಳದೆ ಸೀದಾ ಒಳಗೆ ಕಾಲಿಟ್ಟಳು. ಅವಳ ಹಿಂದೆ ಇನ್ನೂ ಒಂಬತ್ತು ಜನ.

ಗುರುಪಾದಪ್ಪನವರು ಗಂಟಲು ಸರಿಮಾಡಿಕೊಂಡರು. ಕೆಟ್ಟ ಮನುಷ್ಯರಲ್ಲ, ನಿಯಮದ ಮನುಷ್ಯರು. "ಕಸ್ತೂರಿ, ಕೆಲಸ ಛಲೋ ಮಾಡಿ. ಆದ್ರ ನಿಯಮ ಅಂದ್ರ ನಿಯಮ. ಕೇಳಲಾರದ್ದು ಮುಟ್ಟಿ. ನಿನ್ನ ಪರೀಕ್ಷಾ ರದ್ದು."

ನನಗೆ ಬಂದ ಸಿಟ್ಟಿಗೆ ಗಂಟೆಯ ಹಗ್ಗ ಬಿಟ್ಟು ಅವರ ಅಂಗಿಯ ಕಾಲರಿಗೇ ಕೈ ಹಾಕುತ್ತಿದ್ದೆನೋ ಏನೋ. ಕಸ್ತೂರಿ ಮಾತ್ರ ಎದ್ದೂ ನಿಲ್ಲಲಿಲ್ಲ, ದನಿಯೂ ಏರಿಸಲಿಲ್ಲ.

"ಆಗ್ಲಿ ರೀ, ರದ್ದು ಮಾಡ್ರಿ. ನಿಯಮ ಅಂದ್ರ ನಾ ಮುಟ್ಟಿದ್ದನ್ನ ಮೊದಲಿನಂಗ ಮಾಡಿ ಕೊಡಬೇಕಲ್ಲ? ಪಾಟ್ಯಾಗ ಅದಕ್ಕ ಒಂದ ಕೀಲಿ. ಇಲ್ಲೇ ಐತಿ." ಬೆರಳನ್ನು ಒಂದು ಕೀಲಿಯ ಮೇಲಿಟ್ಟಳು. "ನೀವು ಹೂಂ ಅನ್ರಿ, ಒತ್ತೇನಿ. ನಾಳಿಂದ ತೊಟ್ಟಿಲಾ ಇಲ್ಲಿ ನಿಂದ್ರಂಗಿಲ್ಲ. ಆದ್ರ ಇವರಿಗೆ ಇಳೀರಿ ಅಂತ ಹೇಳಾವ್ರು ನೀವ ಆಗ್ಬೇಕು."

ಗುರುಪಾದಪ್ಪನವರು ಪರದೆ ನೋಡಿದರು. ಬಾಗಿಲ ಹೊರಗೆ ಕಟ್ಟೆಯ ಉದ್ದಕ್ಕೂ ನಿಂತ ಮುಖಗಳನ್ನು ನೋಡಿದರು. ಕೊನೆಗೆ ಎದುರಿಗೇ ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದ ಚಂಪವ್ವನನ್ನು ನೋಡಿದರು. ಅವಳು ಅವರನ್ನೇ ನೋಡುತ್ತಿದ್ದಳು.

"ಹೇಳು ಗುರುಪಾದ," ಅಂದಳು. ಸಮಿತಿಯ ಅಧ್ಯಕ್ಷರನ್ನು ಹಾಗೆ ಏಕವಚನದಲ್ಲಿ ಕರೆಯುವವರು ಊರಲ್ಲಿ ಅವಳೊಬ್ಬಳೇ. "ನೀ ಹುಟ್ಟಿದಾಗ ನಿಮ್ಮವ್ವನ ಬಾಜೂಕ ಕುಂತಾಕಿ ನಾ. ಇಳೀ ಅಂದ್ರ ಇಳೀತೇನಿ. ನನ್ನ ಮಾರಿ ನೋಡಿ ಹೇಳು."

ಸಮಿತಿಯವರ ಚಾಚಿದ ಕಾಲುಗಳು ಒಂದೊಂದಾಗಿ ಒಳಗೆ ಸರಿದವು. ಗುರುಪಾದಪ್ಪನವರ ಕಿವಿ ಕೆಂಪಾಯಿತು. "ಬ್ಯಾಡವ್ವ ಕಸ್ತೂರಿ," ಅಂದರು ಮೆಲ್ಲಗೆ. "ಆ ಕೀಲಿ ಒತ್ತಬ್ಯಾಡ." ಆಮೇಲೆ ಎದ್ದು ನಿಂತು ಚಂಪವ್ವನಿಗೆ ತಮ್ಮ ಜಾಗ ತೋರಿಸಿದರು. "ಯವ್ವಾ, ಇಲ್ಲಿ ಕುಂಡ್ರು. ನಿಯಮ ಬರೆದಾವ್ರು ನಾವ, ಅಳಸಾವ್ರೂ ನಾವ."

ಹೊರಗೆ ಎದ್ದ ಕೂಗು ಕೆಳಪೇಟೆಗೂ ಕೇಳಿಸಿತಂತೆ. ನಾನು ಗಂಟೆ ಬಾರಿಸಿದೆ. ಒಂದು ಹೊಡೆತ ಸಾಕಿತ್ತು, ಕೈ ತಡೆಯಲಿಲ್ಲ, ಆರೇಳು ಹೊಡೆದೆ. ತೊಟ್ಟಿಲು ಹೊರಟಿತು. ಮೆಟ್ಟಿಲ ಮೇಲೆ ಜನ ನಮ್ಮ ಜೊತೆಗೇ ಓಡಿ ಬಂದರು, ಸುಸ್ತಾದವರು ಅಲ್ಲಲ್ಲೇ ಕೂತು ಚಪ್ಪಾಳೆ ತಟ್ಟಿದರು. ಮೇಲ್ನಿಲ್ದಾಣ ಮುಟ್ಟಿದಾಗ ಅಲ್ಲಿಯ ಕರೆಗಂಟೆ ಸರಿಯಾಗಿ ಒಂದೇ ಸಲ ಹೊಡೆಯಿತು. ಅದು ಅಂದಿನ ಪರೀಕ್ಷೆಯಾಗಿತ್ತು ಎನ್ನುವುದನ್ನು ನಾವೆಲ್ಲ ಅಷ್ಟರಲ್ಲಿ ಮರೆತೇಬಿಟ್ಟಿದ್ದೆವು. ಮುಕುಂದ ತಾನೇ ಸೀಮೆಸುಣ್ಣ ತೆಗೆದುಕೊಂಡು ಮೇಲ್ನಿಲ್ದಾಣದ ಹಲಗೆಯ ಮೇಲೆ ಹುದ್ದೆ ಗೆದ್ದವರ ಜಾಗದಲ್ಲಿ ಕಸ್ತೂರಿಯ ಹೆಸರು ಬರೆದ, ಅದರ ಕೆಳಗೆ ಪಾಟಿ ಎಂದು ಬರೆದ. ಈ ಸಲ ಯಾರೂ ನಗಲಿಲ್ಲ.

ಎಲ್ಲರೂ ಇಳಿದರು. ಚಂಪವ್ವನೂ ಇಳಿದು, ಕಟ್ಟೆಯ ಮೇಲೆ ನಾಲ್ಕು ಹೆಜ್ಜೆ ಹಾಕಿ, ಆಸ್ಪತ್ರೆಯ ದಾರಿ, ಬಸ್ಸಿನ ದಾರಿ ಎಲ್ಲ ಒಮ್ಮೆ ನೋಡಿ, ತಿರುಗಿ ಬಂದು ತೊಟ್ಟಿಲಲ್ಲಿ ಕೂತಳು.

"ಯಾಕವ್ವ, ಬಂದ ಕೆಲಸ ಆತೇನು?" ಎಂದು ಕೇಳಿದೆ.

"ನನಗಿಲ್ಲಿ ಏನ್ ಕೆಲಸೈತಿ ದ್ಯಾಮಾ? ಬರಬೇಕು ಅನಸ್ತು, ಬಂದೆ. ಈಗ ನಮ್ಮ ಪ್ಯಾಟ್ಯಾಗ ಇಳಸು."

ಇಳಿಸಿದೆ. ಗಂಟಲು ಹರಿಯುವಂತೆ "ನಡುಪೇಟೆ! ನಡುಪೇಟೆ ಇಳಿಯೋರು ಇಳೀರಿ!" ಎಂದು ಕೂಗಿ, ಬಾಗಿಲು ಪೂರಾ ತೆರೆದು ಹಿಡಿದೆ. ಇಳಿಯುವವಳು ಇದ್ದದ್ದು ಅವಳೊಬ್ಬಳೇ. ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ, ದಿನಾ ಇಲ್ಲೇ ಇಳಿಯುವವಳ ಹಾಗೆ ಮನೆಯ ಕಡೆ ನಡೆದಳು.